ಸಂಜೆ ಬಸ್ಸಿನ ಚೆಂಬು

ಹಾಲಾಡಿ
೨೬ ಮಾರ್ಚ್ ೨೦೨೪

ಪ್ರೀತಿಯ ಪ್ರಭಾವತಿ ಅಮ್ಮನಿಗೆ,

ಸುಧಾಕರನ ನಮಸ್ಕಾರ. ಯಾವ ಸುಧಾಕರ ಎಂದು ಕೇಳಬೇಡಿ. ಡಿಗ್ರಿ ಓದುವಷ್ಟೂ ಕಾಲ ನಿಮ್ಮ ಮನೆಯ ಚಾವಡಿಯಲ್ಲಿ ಮಲಗಿ, ನಿಮ್ಮ ಮಗ ಪದ್ದುವಿನ ನೋಟ್ಸು ನಕಲು ಮಾಡಿ, ಅವನಿಗಿಂತ ಹೆಚ್ಚು ಅಂಕ ತೆಗೆದ ಶೆಟ್ಟರ ಹುಡುಗ. ಈಗ ಹಾಲಾಡಿ ಪೇಟೆಯಲ್ಲಿ ಮೀನೂಟದ ಹೋಟೆಲು ಇಟ್ಟಿದ್ದೇನೆ. ವಯಸ್ಸು ನಲವತ್ತೈದು ದಾಟಿತು. ತಲೆಯಲ್ಲಿ ಕೂದಲಿಗಿಂತ ಪ್ರಾಸವೇ ಜಾಸ್ತಿ ಉಳಿದಿದೆ. ಹೋಟೆಲಿನ ಗೋಡೆಯ ಮೇಲೆ 'ಉಂಡಾದವರು ಏಳಿ, ನಿಂತವರ ಗೋಳು ಕೇಳಿ' ಎಂದು ನಾನೇ ಬರೆಸಿದ್ದೇನೆ. ನಾನು ಕನ್ನಡ ಎಂ.ಎ. ಮಾಡದೆ ಉಳಿದದ್ದು ಕನ್ನಡಕ್ಕೆ ಒಳ್ಳೆಯದೇ ಆಯಿತು ಎಂದು ಹೆಂಡತಿ ಚೇತನಾ ಹೇಳುತ್ತಾಳೆ.

ನಿನ್ನೆ ಬ್ರಹ್ಮಾವರ ಸಂತೆಯಲ್ಲಿ ಪದ್ದು ಸಿಕ್ಕಿದ್ದ. ಬಸದಿಯ ಪೂಜೆ ಮಾಡುವ ಇಂದ್ರರಾದ ಮೇಲೆ ಅವನನ್ನು ಪದ್ಮರಾಜ ಇಂದ್ರರೇ ಎಂದು ಕರೆಯಬೇಕಂತೆ. ನಾನು "ಹ್ವಾಯ್, ಪದ್ದೂ" ಎಂದು ಕೂಗಿದ್ದಕ್ಕೆ ಬಸಳೆ ಮಾರುವ ಹೆಂಗಸು ಕಟ್ಟನ್ನೇ ನನ್ನಿಂದ ದೂರ ಸರಿಸಿ ಇಟ್ಟಳು. ಅವನು ಹೇಳಿದ್ದು ಕೇಳಿ ಮನಸ್ಸು ಕೆಟ್ಟಿತು. ಕಡಲಿನಿಂದ ಹೊಳೆಗೆ ಹತ್ತುವ ಉಪ್ಪು ಈ ವರ್ಷ ನಿಮ್ಮ ಬಾವಿಗೂ ಏರಿದೆಯಂತೆ. ಬಾವಿಯ ನೀರಲ್ಲದೆ ಬೇರೆ ನೀರು ಕುಡಿಯುವುದಿಲ್ಲ ಎಂದು ನೀವು ಯಾವಾಗಲೋ ವ್ರತ ತೊಟ್ಟವರು. ನಲ್ಲಿ ನೀರು ಬೇಡ, ಬಾಟಲಿ ನೀರು ಬೇಡ. ಇತ್ತ ಡಾಕ್ಟರು, ಕಿಡ್ನಿಗೆ ಒಳ್ಳೆಯ ನೀರು ಬೇಕೇ ಬೇಕು, ಉಪ್ಪು ಆಗಲೇ ಆಗದು ಎಂದಿದ್ದಾರೆ. ಮಳೆ ಬರುವವರೆಗೆ ಅಮ್ಮ ತಡೆಯುತ್ತಾರೋ ಇಲ್ಲವೋ ಎಂದು ಹೇಳುವಾಗ ಪದ್ದು ಸಂತೆಯ ಬದಿಗೆ ಮುಖ ತಿರುಗಿಸಿದ.

ನಮ್ಮ ಹಿತ್ತಿಲ ಬಾವಿಯಲ್ಲಿ ಎಳನೀರಿನಂಥ ನೀರಿದೆ. ಬೆಳಿಗ್ಗೆ ಹಾಲಾಡಿಯಿಂದ ಬ್ರಹ್ಮಾವರಕ್ಕೆ ಹೋಗುವ ಬಸ್ಸು ಬಾರ್ಕೂರಿನಲ್ಲಿ ನಿಮ್ಮ ಮನೆಯ ಎದುರೇ ನಿಲ್ಲುತ್ತದೆ. ದಿನಾ ಒಂದು ಕ್ಯಾನು ಕಳಿಸುತ್ತೇನೆ. ಬೇಡ ಎನ್ನಬೇಡಿ. ಸಂಜೆ ಬ್ರಹ್ಮಾವರದ ಕ್ಯಾಂಟೀನಿನಲ್ಲಿ ಸಪ್ಲೈ ಕೆಲಸ ಮುಗಿಸಿ ಕತ್ತಲಾದ ಮೇಲೆ ಬರುತ್ತಿದ್ದ ನನಗೆ ಒಂದು ದಿನವೂ ನೀವು ತಣ್ಣನೆ ಅನ್ನ ಬಡಿಸಿದವರಲ್ಲ.

ಮಹಾವೀರರು ಸ್ಥಾಪಿಸಿದ ನಿಮ್ಮ ಧರ್ಮದಲ್ಲಿ ನೀರಿಗೆ ಬೇರೆ ನಿಯಮವಿದ್ದರೆ ತಿಳಿಸಿ. ಫೋನಿನಲ್ಲಿ ನಿಮಗೆ ಕೇಳುವುದಿಲ್ಲವಂತೆ, ಅದಕ್ಕೇ ಈ ಕಾಗದ.

ಬಾವಿ ನಮ್ಮದು, ಹಗ್ಗ ನಮ್ಮದು;
ಬಾಯಾರಿಕೆ ನಿಮ್ಮದು, ಭಾಗ್ಯ ನಮ್ಮದು.

ನಿಮ್ಮ
ಸುಧಾಕರ

*

ಬಾರ್ಕೂರು
೩೦ ಮಾರ್ಚ್ ೨೦೨೪

ಚಿರಂಜೀವಿ ಸುಧಾಕರನಿಗೆ ಆಶೀರ್ವಾದಗಳು.

ನಿನ್ನ ಅಕ್ಷರ ಇನ್ನೂ ಸುಧಾರಿಸಿಲ್ಲ. ಪ್ರಾಸ ಮಾತ್ರ ಕೆಟ್ಟಿದೆ. ಓದಿ ನಗು ಬಂತು, ಆಮೇಲೆ ಕಣ್ಣೂ ತುಂಬಿತು; ಅದು ಬೇರೆ ವಿಷಯ.

ಮೊದಲು ನಿನ್ನ ತಪ್ಪು ತಿದ್ದುತ್ತೇನೆ. ಮಹಾವೀರ ಸ್ವಾಮಿ ನಮ್ಮ ಧರ್ಮ ಸ್ಥಾಪಿಸಿದವರಲ್ಲ, ಇಪ್ಪತ್ತನಾಲ್ಕು ತೀರ್ಥಂಕರರಲ್ಲಿ ಕೊನೆಯವರು. ಮೊದಲಿನವರು ಆದಿನಾಥರು, ವೃಷಭ ದೇವರು. ಜನಕ್ಕೆ ಉಳುವುದು, ಬಿತ್ತುವುದು ಗೊತ್ತಿಲ್ಲದ ಕಾಲದಲ್ಲಿ ಅದನ್ನು ಕಲಿಸಿದ ರಾಜ. ಮಗಳು ಬ್ರಾಹ್ಮಿಗೆ ಅಕ್ಷರ, ಇನ್ನೊಬ್ಬ ಮಗಳು ಸುಂದರಿಗೆ ಅಂಕಿ ಹೇಳಿಕೊಟ್ಟ ಅಪ್ಪ. ಆಮೇಲೆ ಎಲ್ಲ ಬಿಟ್ಟು ಹೊರಟವರು. ಧರ್ಮ ಅವರಿಗಿಂತಲೂ ಹಿಂದಿನದು, ಅದಕ್ಕೆ ಶುರುವೇ ಇಲ್ಲ ಎನ್ನುತ್ತಾರೆ ನಮ್ಮವರು. ತೀರ್ಥಂಕರ ಅಂದರೆ ಕಡವು ಕಟ್ಟಿದವನು. ಹೊಳೆದಂಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಾಟುವ ಜಾಗ ತೋರಿಸಿಕೊಡುತ್ತಾನೆ. ಹೊತ್ತು ದಾಟಿಸುವುದಿಲ್ಲ. ಕಾಲು ನಮ್ಮದೇ ಒದ್ದೆಯಾಗಬೇಕು.

ಇನ್ನು ನೀರು. ನೀನು ಕಳಿಸುತ್ತೇನೆಂದರೆ ಬೇಡ ಎನ್ನುವಷ್ಟು ಸೊಕ್ಕು ನನಗಿಲ್ಲ. ಆದರೆ ಒಂದು ನಿಯಮವಿದೆ. ನಾವು ನೀರನ್ನು ದಪ್ಪ ಬಟ್ಟೆ ಎರಡು ಪದರ ಮಾಡಿ ಸೋಸುತ್ತೇವೆ. ಬಟ್ಟೆಯಲ್ಲಿ ನಿಂತ ಕಣ್ಣಿಗೆ ಕಾಣದ ಜೀವಗಳನ್ನು ಅಲ್ಲಿಯೇ ಚೆಲ್ಲುವಂತಿಲ್ಲ. ಬಟ್ಟೆ ಮಗುಚಿ, ಅದರ ಮೇಲೆ ಸೋಸಿದ ನೀರನ್ನೇ ಹೊಯ್ದು, ಚೆಂಬಿನಲ್ಲಿ ಹಿಡಿದು, ಯಾವ ಬಾವಿಯಿಂದ ಬಂದವೋ ಅದೇ ಬಾವಿಗೆ ತಿರುಗಿ ಬಿಡಬೇಕು. ಬೇರೆ ಬಾವಿಗೆ ಬಿಟ್ಟರೆ ಅಲ್ಲಿನ ನೀರು ಅವಕ್ಕೆ ಆಗುವುದಿಲ್ಲ. ಮೇಲಿನಿಂದ ಎತ್ತಿ ಹಾಕಲೂ ಬಾರದು. ಚೆಂಬಿನ ಕುತ್ತಿಗೆಗೆ ಒಂದು ಹಗ್ಗ; ಬುಡದಲ್ಲಿ ಒಂದು ಬಳೆಯಿದೆ, ಅದಕ್ಕೆ ಇನ್ನೊಂದು ದಾರ ಕಟ್ಟಿ, ನೀರಿಗೆ ಮುಟ್ಟುವವರೆಗೆ ಇಳಿಸಿ, ಅಲ್ಲಿ ಮಗುಚಬೇಕು.

ನಿನ್ನ ಮನೆಯಲ್ಲಿ ಮೀನಿನ ಅಡಿಗೆ, ಆದ್ದರಿಂದ ಸೋಸುವುದು ಇಲ್ಲಿ ಪದ್ದುವೇ ಮಾಡಲಿ. ಬೇಸರ ಮಾಡಿಕೊಳ್ಳಬೇಡ. ಚೆಂಬು ಸಂಜೆಯ ಬಸ್ಸಿನಲ್ಲಿ ವಾಪಸು ಬರುತ್ತದೆ. ಅದನ್ನು ಬಾವಿಗೆ ಮುಟ್ಟಿಸುವ ಕೆಲಸ ನಿನ್ನದು. ಆಗುತ್ತದೆಯಾದರೆ ಮಾತ್ರ ಒಪ್ಪು.

ಪ್ರಭಾವತಿ

*

ಹಾಲಾಡಿ
೧೩ ಏಪ್ರಿಲ್ ೨೦೨೪

ಅಮ್ಮನಿಗೆ ನಮಸ್ಕಾರ.

ಈ ಕಾಗದ ಕ್ಯಾನಿನ ಹಿಡಿಕೆಗೆ ಕಟ್ಟಿದ ಚೀಲದಲ್ಲಿ ಬರುತ್ತಿದೆ. ಅಂಚೆ ಇಲಾಖೆಗಿಂತ ಕಂಡಕ್ಟರ್ ಕಿಟ್ಟ ವೇಗ, ಆದರೆ ಅಂಚೆ ಇಲಾಖೆ ಇಷ್ಟು ಮಾತಾಡುವುದಿಲ್ಲ. ಮೊದಲನೇ ದಿನ ಸಂಜೆ ತಾಮ್ರದ ಚೆಂಬು ಹಿಡಿದು ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಪೇಟೆಗೆಲ್ಲ ಕೇಳುವ ಹಾಗೆ,

"ಹ್ವಾಯ್ ಸುಧಾಕರಣ್ಣ, ಇದ್ರೊಳಗ್ ಎಂತ ಇತ್ತ್ ಮರ್ರೆ?" ಎಂದ.

"ಜೀವ ಇತ್ತ್ ಮಾರಾಯ. ನಮ್ಮ ಬಾವಿಯವ್. ಮನೆಗ್ ಬಂದದ್ದ್."

"ಎಷ್ಟ್ ಜನ?"

"ಲೆಕ್ಕ ಇಲ್ಲ."

"ಹಂಗಾರೆ ಟಿಕೇಟ್ ಹರುದ್ ಹ್ಯಾಂಗೆ? ಹೋಯ್ಲಿ ಬಿಡಿ, ಮಕ್ಕಳ್ ಅಂದ್ಕಂಡ್ ಬಿಟ್ಟೆ."

ಅಂದಿನಿಂದ ಚೆಂಬಿಗೆ ಬಸ್ಸಿನಲ್ಲಿ 'ಹಾಲಾಡಿ ಸಂಸಾರ' ಎಂದು ಹೆಸರು. ನಮ್ಮ ಹೋಟೆಲಿನ ಅಡಿಗೆಯ ಗುಡ್ಡನಿಗೆ ಇದೊಂದು ದೊಡ್ಡ ತತ್ತ್ವದ ತೊಡಕು. ಬೆಳಗಿನಿಂದ ಬಂಗುಡೆ ಮೀನು ಸೀಳುವ ಅವನು, ಸಂಜೆ ನಾನು ಕಣ್ಣಿಗೆ ಕಾಣದ ಹುಳಕ್ಕೆ ಹಗ್ಗ ಕಟ್ಟಿ ಬಾವಿಗಿಳಿಸುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾನೆ. "ದಣಿ, ಬಂಗ್ಡೆಗೂ ಹೀಂಗೊಂದ್ ವಾಪಸ್ ಬಸ್ ಇದ್ದಿದ್ರೆ!" ಎಂದ ನಿನ್ನೆ. ನಾನು ಈರುಳ್ಳಿ ಹೆಚ್ಚಲು ಹೋದೆ.

ನಿಜ ಹೇಳಬೇಕೆಂದರೆ ಮೊದಲ ವಾರ ನನಗೂ ಒಳಗೊಳಗೆ ನಗುವೇ. ಈಗ ಹಾಗಿಲ್ಲ. ಚೆಂಬು ನೀರಿಗೆ ಮುಟ್ಟಿದಾಗ ಹಗ್ಗ ಹಗುರಾಗುತ್ತದಲ್ಲ, ಅದು ಕೈಗೆ ತಿಳಿಯುತ್ತದೆ. ಇಡೀ ದಿನದಲ್ಲಿ ನಾನು ನಿಧಾನವಾಗಿ ಮಾಡುವ ಕೆಲಸ ಅದೊಂದೇ.

ನೀರು ಹೇಗಿದೆ, ಕಾಲಿನ ಬಾವು ಹೇಗಿದೆ, ಬರೆಯಿರಿ.

ಬೆಳಿಗ್ಗೆ ಹೋಯಿತು ಕ್ಯಾನು,
ಸಂಜೆಗೆ ಕಾಯುವೆ ನಾನು.

ಸುಧಾಕರ

*

ಬಾರ್ಕೂರು
೨೧ ಏಪ್ರಿಲ್ ೨೦೨೪

ಸುಧಾಕರ,

ಇವತ್ತು ಮಹಾವೀರ ಜಯಂತಿ. ಪದ್ದು ಬಸದಿಯಲ್ಲಿ ಅಭಿಷೇಕ ಮುಗಿಸಿ ಬಂದ. ನಾನೂ ಅವನ ಕೈ ಹಿಡಿದು ಹೋಗಿ ಬಂದೆ. ನಡೆದೇ ಹೋದೆ ಎಂದು ಬರೆಯುವುದಕ್ಕಾಗಿಯೇ ಈ ಕಾಗದ. ಬಾವು ಇಳಿದಿದೆ. ಡಾಕ್ಟರು ಯಾವ ಔಷಧಿ ತೆಗೆದುಕೊಂಡಿರಿ ಎಂದು ಕೇಳಿದರು, ಹಾಲಾಡಿಯದು ಎಂದೆ.

ಗುಡ್ಡನಿಗೆ ಹೇಳು, ಅವನ ಪ್ರಶ್ನೆ ಸರಿಯಾಗಿದೆ ಅಂತ. ಅದಕ್ಕೆ ನನ್ನ ಬಳಿಯೂ ಸುಲಭದ ಉತ್ತರವಿಲ್ಲ. ಪೂರ್ತಿ ಹಿಂಸೆಯಿಲ್ಲದೆ ಬದುಕಲು ಗೃಹಸ್ಥರಿಗೆ ಆಗದು. ಉಸಿರಾಡಿದರೂ ಏನೋ ಸಾಯುತ್ತದೆ. ಅದಕ್ಕೇ ಸನ್ಯಾಸಿಗಳಿಗೆ ಮಹಾವ್ರತ, ನಮ್ಮಂಥವರಿಗೆ ಅಣುವ್ರತ. ಕೈಲಾದಷ್ಟು ಕಡಿಮೆ ಮಾಡು, ಮಾಡುವಾಗ ಎಚ್ಚರವಿರಲಿ ಅಂತ ಅಷ್ಟೇ. ಎಚ್ಚರ ತಪ್ಪುವುದೇ ನಮ್ಮಲ್ಲಿ ದೊಡ್ಡ ಹಿಂಸೆ.

ನೀನು ಕಳಿಸುವ ನೀರನ್ನು ಕುಡಿಯುವಾಗ ದಿನಾ ಒಂದು ಗಳಿಗೆ ಕಣ್ಣು ಮುಚ್ಚುತ್ತೇನೆ. ಬಾವಿಗೆ, ನಿನಗೆ, ಚೇತನಾಳಿಗೆ, ಆ ಕಿಟ್ಟನಿಗೆ, ಬಸ್ಸಿಗೆ. ನೀರು ಒಂದು ಲೋಟ, ಕೃತಜ್ಞತೆ ಅದಕ್ಕಿಂತ ಉದ್ದ. ಪದ್ದು, "ಅಮ್ಮ, ನೀರ್ ಆರ್ ಹೋತ್" ಎಂದು ರೇಗಿಸುತ್ತಾನೆ.

ಪ್ರಭಾವತಿ

*

ಹಾಲಾಡಿ
೩೦ ಏಪ್ರಿಲ್ ೨೦೨೪

ಅಮ್ಮ,

ಈ ಕಾಗದದಲ್ಲಿ ಪ್ರಾಸವಿಲ್ಲ.

ನಿನ್ನೆ ಸಂಜೆ ಚೆಂಬು ಬಂತು, ಖಾಲಿ. ಕಿಟ್ಟ ನಗುತ್ತಲೇ ಹೋಟೆಲಿಗೆ ಬಂದು ಮೇಜಿನ ಮೇಲೆ ಇಟ್ಟ. "ಸುಧಾಕರಣ್ಣ, ನಿಮ್ಮ್ ಚೆಂಬ್ ಇವತ್ತ್ ಬಸ್ಸಿನ್ ಮಾನ ಉಳಸ್ತ್ ಕಾಣಿ!" ಸಾಯ್ಬ್ರಕಟ್ಟೆ ದಾಟಿದ ಮೇಲಿನ ಏರಿನಲ್ಲಿ ಇಂಜಿನ್ ಕಾದು ಹೊಗೆ ಬಂತಂತೆ. ಬಸ್ಸಿನಲ್ಲಿ ಎಳೆಮಗು ಹಿಡಿದ ಹೆಂಗಸು, ಮುದುಕರು, ಹೊರಗೆ ಉರಿಬಿಸಿಲು, ಹತ್ತಿರದಲ್ಲಿ ಒಂದು ಮನೆಯಿಲ್ಲ. ಇದ್ದ ಬಾಟಲಿಗಳೆಲ್ಲ ಖಾಲಿಯಾದ ಮೇಲೆ ಚೆಂಬಿನ ನೀರನ್ನೂ ರೇಡಿಯೇಟರಿಗೆ ಹೊಯ್ದ. ಬಸ್ಸು ಹೊರಟಿತು.

ಅವನು ಅಷ್ಟು ಸಂತೋಷದಿಂದ ಹೇಳುತ್ತಿದ್ದ, ನನಗೆ ಬೈಯಲು ಬಾಯಿ ಬರಲಿಲ್ಲ. ಚೇತನಾ ಒಳಗಿನಿಂದ ಬಂದು, "ಕಿಟ್ಟ, ಅದ್ ಕುದಿಯು ನೀರಲ್ದಾ?" ಎಂದಳು. ಆಗ ಅವನಿಗೆ ಅರ್ಥವಾಯಿತು. ಚಹಾ ಅರ್ಧ ಬಿಟ್ಟು ಎದ್ದು ಹೋದ.

"ಹೇಳುದ್ ಎಂತಕೆ ದಣಿ? ಹುಳ ಬಂದ್ ಸಾಕ್ಷಿ ಹೇಳ್ತಾವಾ?" ಎಂದ ಗುಡ್ಡ. ಹೇಳದಿದ್ದರೆ ನೀವು ನೀರು ಕುಡಿಯುತ್ತೀರಿ, ಹೇಳಿದರೆ ಬಿಟ್ಟೀರಿ ಎಂಬ ಹೆದರಿಕೆ ನನಗೂ ಇತ್ತು, ಈಗಲೂ ಇದೆ. ಆದರೆ ಯಾವ ಜೀವವೂ ನೋಯದ ಹಾಗೆ ಬಂದ ನೀರು ಎಂದು ನೀವು ಕಣ್ಣು ಮುಚ್ಚುತ್ತೀರಲ್ಲ, ಆ ಕಣ್ಣಿಗೆ ನಾನು ಸುಳ್ಳು ಹೇಗೆ ಕುಡಿಸಲಿ?

ದಯವಿಟ್ಟು ನೀರು ಬಿಡಬೇಡಿ. ಇಷ್ಟೇ ಕೇಳುವುದು.

ಸುಧಾಕರ

*

ಬಾರ್ಕೂರು
೪ ಮೇ ೨೦೨೪

ಪ್ರಿಯ ಸುಧಾಕರ,

ಅಮ್ಮ ಬರೆಯುವ ಸ್ಥಿತಿಯಲ್ಲಿಲ್ಲ, ನಾನು ಪದ್ದು ಬರೆಯುತ್ತಿದ್ದೇನೆ. ಕ್ಯಾನುಗಳು ಹಾಗೆಯೇ ವಾಪಸು ಬಂದದ್ದರಿಂದ ನಿನಗೆ ಗೊತ್ತಾಗಿರುತ್ತದೆ. ನಿನ್ನ ಕಾಗದ ಓದಿದ ದಿನ ಉಪವಾಸ ಮಾಡಿದರು. ಮರುದಿನದಿಂದ ನಮ್ಮ ಬಾವಿಯ ಉಪ್ಪುನೀರನ್ನೇ ಕುದಿಸಿ ಒಂದೊಂದು ಗುಟುಕು. ಕಾಲು ಮತ್ತೆ ಬಾತಿದೆ. ಹೀಗೇ ಆದರೆ ಉಡುಪಿಗೆ ಸೇರಿಸಬೇಕು ಎಂದಿದ್ದಾರೆ ಡಾಕ್ಟರು.

ನಿನ್ನ ಮೇಲೆ ಸಿಟ್ಟಿಲ್ಲ. ಕಿಟ್ಟನ ಮೇಲಂತೂ ಇಲ್ಲವೇ ಇಲ್ಲ. ಮೊನ್ನೆ ಏನಾಯಿತು ಕೇಳು. ಬೆಳಗಿನ ಬಸ್ಸು ಮನೆಯೆದುರು ನಿಂತದ್ದು ಹೊರಡಲೇ ಇಲ್ಲ. ಕಿಟ್ಟ ಇಳಿದು ಅಂಗಳಕ್ಕೆ ಬಂದ. ಖಾಕಿ ಅಂಗಿಯ ಗುಂಡಿಯನ್ನೆಲ್ಲ ಹಾಕಿಕೊಂಡಿದ್ದ, ಅದೇ ಒಂದು ವಿಶೇಷ. "ಅಮ್ಮ, ನಂಗ್ ಗೊತ್ತಾಯ್ಲ್ಯೇ" ಎಂದು ಶುರುಮಾಡಿದ. ಅಮ್ಮನಿಗೆ ಒಂದಕ್ಷರ ಕೇಳಲಿಲ್ಲ. ಎದ್ದು ಬಂದು, ಅವನು ಕೈ ಮುಗಿಯುವ ಮೊದಲೇ ಅವನಿಗೇ ಕೈ ಮುಗಿದರು.

"ತಪ್ಪ್ ನಂದ್ ಮಗಾ. ನನ್ನ್ ವ್ರತ ನಿನ್ನ್ ತಲೆ ಮೇಲ್ ಹೊರ್ಸದೆ. ನೀ ನಿಂತ ಜಾಗದಗ್ ನಿಂತ್ ಕಂಡ್ರೆ ನೀ ಮಾಡದ್ದ್ ತಪ್ಪಲ್ಲ. ಮಕ್ಕಳ್ ಮರಿ ಬಿಸಿಲಗ್ ಇದ್ದಿದ್. ನನ್ನ ಕ್ಷಮ್ಸ್."

ಕಿಟ್ಟ ಮೆಟ್ಟಿಲ ಮೇಲೆ ಕೂತುಬಿಟ್ಟ. ಡ್ರೈವರು ಹಾರನ್ ಹೊಡೆದ, ಒಬ್ಬಳು ಕಿಟಕಿಯಿಂದ, "ಹ್ವಾಯ್, ಮದ್ವಿ ಮಾತುಕತೆಯಾ ಎಂತ? ಬ್ಯಾಂಕ್ ತೆಗಿತ್!" ಎಂದಳು. ಆಮೇಲೆ ಬ್ರಹ್ಮಾವರದವರೆಗೂ ಅವನು ಯಾರಿಗೂ ಟಿಕೇಟು ಹರಿಯಲಿಲ್ಲವಂತೆ.

ನನಗೆ ಅಮ್ಮ ಹೇಳಿದ್ದು ಇಷ್ಟು: "ಒಂದೇ ಕಡೆಯಿಂದ ಕಂಡದ್ದು ಪೂರ್ತಿ ಸತ್ಯ ಅಲ್ಲ. ಕಿಟ್ಟನದು ಅವನ ಕಡೆಯಿಂದ ಸರಿ. ಆದರೆ ನನ್ನ ಬಾಯಾರಿಕೆ ದಾರಿಯುದ್ದಕ್ಕೂ ಇನ್ನೊಬ್ಬರನ್ನು ಇಕ್ಕಟ್ಟಿಗೆ ಹಾಕುವುದಾದರೆ ಆ ನೀರು ನನಗೆ ಬೇಡ."

ನೀನು ಸುಮ್ಮನಿದ್ದಿದ್ದರೆ ಎಂದು ಒಂದು ಗಳಿಗೆ ಅನ್ನಿಸಿತು. ಇಂದ್ರನಾಗಿ ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಮಗನಾಗಿ ಆಗಲಿಲ್ಲ.

ನಿನ್ನೆ ಅಮ್ಮನ ಹಳೆಯ ಸೋಸುಬಟ್ಟೆ ಹುಡುಕಲು ಅಟ್ಟ ಹತ್ತಿದ್ದೆ. ಅಲ್ಲಿ ಆ ಮರದ ಪೆಟ್ಟಿಗೆ ಇನ್ನೂ ಇದೆ, ಒಳಗೆ ಭತ್ತದ ಹೊಟ್ಟು. ನಿನಗೆ ಗೊತ್ತಿತ್ತಾ? ಕತ್ತಲಾದರೆ ಹುಳ ಬೀಳುತ್ತವೆಂದು ನಮ್ಮಲ್ಲಿ ಒಲೆ ಹೊತ್ತಿಸುವುದಿಲ್ಲ. ಅಮ್ಮ ಸೂರ್ಯ ಮುಳುಗುವ ಹೊತ್ತಿಗೆ ಅನ್ನ ಬಸಿದು, ನಿನ್ನ ಪಾಲನ್ನು ಮುಚ್ಚಿ, ಹೊಟ್ಟಿನಲ್ಲಿ ಹೂತಿಡುತ್ತಿದ್ದರು. ನಮಗಾರಿಗೂ ರಾತ್ರಿಯೂಟವಿಲ್ಲ, ಆ ಪೆಟ್ಟಿಗೆ ನಿನಗೊಬ್ಬನಿಗೇ.

ನಿನ್ನ
ಪದ್ದು

*

ಹಾಲಾಡಿ
೬ ಮೇ ೨೦೨೪

ಅಮ್ಮನಿಗೆ ಸಾಷ್ಟಾಂಗ ನಮಸ್ಕಾರ.

ಪದ್ದುವಿನ ಕಾಗದ ಬಂತು. ಪೆಟ್ಟಿಗೆಯ ವಿಷಯ ನನಗೆ ಗೊತ್ತಿರಲಿಲ್ಲ. ಅನ್ನ ಬಿಸಿಯಾಗಿರುವುದು ಅನ್ನದ ಗುಣ ಎಂದು ತಿಳಿದಿದ್ದೆ. ಅದರ ಬಗ್ಗೆ ಈಗ ಬರೆದರೆ ಈ ಕಾಗದ ಮುಂದೆ ಹೋಗುವುದಿಲ್ಲ.

ಒಂದು ಕೇಳಿಕೆಯಿದೆ. ತಪ್ಪಾದರೆ ತಿದ್ದಿ, ಆದರೆ ಪೂರ್ತಿ ಓದಿ. ತೊಂದರೆಯಾಗಿದ್ದು ಚೆಂಬು ಬಸ್ಸು ಹತ್ತಿದ್ದರಿಂದ. ಅದು ಹತ್ತುವುದೇ ಬೇಡ. ನೀರನ್ನು ನಮ್ಮ ಬಾವಿಯ ಕಟ್ಟೆಯಲ್ಲೇ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಅಲ್ಲಿಯೇ, ಆಗಲೇ, ಬಾವಿಗೆ ಬಿಟ್ಟರೆ? ಸೋಸಿದ ನೀರಿನಲ್ಲಿ ಸ್ವಲ್ಪ ಹೊತ್ತಿಗೆ ಮತ್ತೆ ಜೀವ ಹುಟ್ಟುತ್ತದೆ, ಆದರೆ ಸೋಸಿ ಕುದಿಸಿದರೆ ಒಂದು ದಿನ ನಡೆಯುತ್ತದೆ ಎಂದು ಪದ್ದು ಹೇಳಿದ. ಕುದಿಸಿಯೇ ಕಳಿಸುತ್ತೇನೆ.

ಮೀನಿನ ಮನೆ ಎಂದಿರಿ. ಹೌದು. ಅದಕ್ಕೇ ಬಾವಿಯ ಹತ್ತಿರ ಬೇರೆ ಒಲೆ ಹೂಡಿದ್ದೇನೆ, ಹೊಸ ಪಾತ್ರೆ, ಹೊಸ ಹಗ್ಗ. ಸ್ನಾನ ಮಾಡಿ ನಾನೇ ಸೋಸುತ್ತೇನೆ, ಬೇರೆ ಯಾರೂ ಮುಟ್ಟುವುದಿಲ್ಲ. ಮತ್ತೆ, ಮಳೆ ಬಂದು ನಿಮ್ಮ ಬಾವಿ ಸಿಹಿಯಾಗುವವರೆಗೆ ನಾನು ಮೀನು ಮಾಂಸ ಮುಟ್ಟುವುದಿಲ್ಲ, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಇದು ಅಣುವ್ರತದಲ್ಲೂ ಅಣು. ಶುರುಮಾಡಿ ಆಯಿತು. ಮೀನು ಸಾರಿನ ಉಪ್ಪು ನೋಡುವ ಕೆಲಸ ಗುಡ್ಡನಿಗೆ ಹೋಗಿದೆ, ಗಿರಾಕಿಗಳು ಬಾರ್ಕೂರಿನ ಉಪ್ಪುಹೊಳೆಯೇ ಇಲ್ಲಿಗೆ ಬಂತೋ ಎನ್ನುತ್ತಿದ್ದಾರೆ.

ಹೋಟೆಲು ಬಿಡುತ್ತೇನೆಂದು ಹೇಳಲಾರೆ. ನಾಲ್ಕು ಮನೆಗಳು ಅದರಲ್ಲಿ ಉಣ್ಣುತ್ತವೆ. ಆಗುವಷ್ಟೇ ಹೇಳುತ್ತಿದ್ದೇನೆ.

ನನ್ನ ಕೈಯ ನೀರು ನಿಮ್ಮ ವ್ರತಕ್ಕೆ ಆಗುತ್ತದೆಯೇ?

ಸುಧಾಕರ

*

ಬಾರ್ಕೂರು
೧೦ ಮೇ ೨೦೨೪

ಮಗಾ ಸುಧಾಕರ,

ಮೂರು ದಿನ ಉತ್ತರ ಬರೆಯಲಿಲ್ಲ. ನೀನು ಉತ್ತರಕ್ಕೆ ಕಾಯದೆ ಇವತ್ತು ನೀರೇ ಕಳಿಸಿದೆ. ಓದುವ ಕಾಲದಿಂದಲೂ ನಿನಗೆ ತಾಳ್ಮೆ ಇಲ್ಲ.

ಇವತ್ತು ಅಕ್ಷಯ ತದಿಗೆ. ನಿಮಗೆಲ್ಲ ಬಂಗಾರದ ಅಂಗಡಿಯ ದಿನ. ನಮಗೆ ಬೇರೆ. ಆದಿನಾಥರು ರಾಜ್ಯ ಬಿಟ್ಟು ಮುನಿಯಾಗಿ ಊರೂರು ತಿರುಗುವಾಗ ಜನ ಆನೆ ತಂದರು, ಕುದುರೆ ತಂದರು, ಬಂಗಾರ ತಂದರು. ಪ್ರೀತಿಗೆ ಕಡಿಮೆಯಿರಲಿಲ್ಲ. ಮುನಿಗೆ ಅನ್ನ ನೀರು ಕೊಡುವ ಕ್ರಮ ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. ವರ್ಷ ಕಳೆದರೂ ಹಸಿದೇ ತಿರುಗಿದರು. ಕೊನೆಗೆ ಶ್ರೇಯಾಂಸ ಎಂಬ ರಾಜಕುಮಾರನಿಗೆ, ಹೀಗೆ ಕೊಡಬೇಕು ಎಂದು ಹೊಳೆಯಿತು. ಬೊಗಸೆಗೆ ಕಬ್ಬಿನ ಹಾಲು ಹೊಯ್ದ. ಅದು ಈ ದಿನ. ದಾನದ ದಾರಿ ಅಲ್ಲಿಂದ ಶುರುವಾಯಿತು ಎನ್ನುತ್ತಾರೆ.

ನಿನ್ನನ್ನು ಶ್ರೇಯಾಂಸ ಎಂದೆ ಅಂದುಕೊಂಡು ತಲೆಗೇರಿಸಿಕೊಳ್ಳಬೇಡ. ನಾನೂ ಆದಿನಾಥಳಲ್ಲ. ಆದರೆ ಕೊಡುವವರಿಗೆ ಮಾತ್ರ ಕಲಿಯುವುದಿರುತ್ತದೆ ಎಂದುಕೊಂಡಿದ್ದೆ. ತೆಗೆದುಕೊಳ್ಳುವುದನ್ನೂ ಕಲಿಯಬೇಕು. ಮೀನಿನ ಮನೆ ಎಂದು ಬರೆದೆನಲ್ಲ, ಅದು ನಿಯಮ ಸರಿ. ಅದರ ಅಡಿಯಲ್ಲಿ ಸ್ವಲ್ಪ ಸೊಕ್ಕೂ ಇತ್ತು.

ಬೆಳಿಗ್ಗೆ ಕಿಟ್ಟ ಬಸ್ಸಿನಿಂದ ಏನೋ ದೊಡ್ಡ ಪೆಟ್ಟಿಗೆ ಹೊತ್ತು ತಂದಿಟ್ಟ. ಮುಚ್ಚಳ ತೆಗೆದರೆ ಭತ್ತದ ಹೊಟ್ಟು. ಹೊಟ್ಟು ಸರಿಸಿ ಕ್ಯಾನು ಮುಟ್ಟಿದೆ.

ನೀರು ಇನ್ನೂ ಬಿಸಿಯಿತ್ತು, ಸುಧಾಕರ.

ಎರಡು ಲೋಟ ಕುಡಿದೆ. ಆ ಚೆಂಬು ನಿನ್ನಲ್ಲೇ ಇರಲಿ.

ಪ್ರಭಾವತಿ

*

ಹಾಲಾಡಿ
೧೬ ಜೂನ್ ೨೦೨೪

ಅಮ್ಮನಿಗೆ ನಮಸ್ಕಾರ.

ನಿಮ್ಮ ಬಾವಿ ಸಿಹಿಯಾಯಿತು, ಇನ್ನು ನೀರು ಬೇಡ, ನನ್ನ ವ್ರತ ಮುಗಿಯಿತು, ಮೀನು ತಿನ್ನಬಹುದು ಎಂದು ಪದ್ದು ಫೋನು ಮಾಡಿದ. ಅವನ ದನಿಯಲ್ಲಿ ಮಳೆಯೇ ಇತ್ತು. ಡಾಕ್ಟರು ಇನ್ನು ತಿಂಗಳಿಗೊಮ್ಮೆ ಬಂದರೆ ಸಾಕು ಎಂದರಂತೆ. ಚೇತನಾ ಅದನ್ನು ಎರಡೆರಡು ಸಲ ಹೇಳಿಸಿಕೊಂಡಳು.

ಮೀನಿನ ವಿಷಯದಲ್ಲಿ ದೈವ ನನಗಿಂತ ಚೆನ್ನಾಗಿ ಪ್ರಾಸ ಹಾಕಿದೆ. ಇತ್ತ ನನ್ನ ವ್ರತ ಬಿಡುವ ಹೊತ್ತಿಗೆ ಅತ್ತ ಮಳೆಗಾಲದ ರಜೆಯೆಂದು ಗಂಗೊಳ್ಳಿಯಲ್ಲಿ ಬೋಟುಗಳೆಲ್ಲ ದಡಕ್ಕೆ. ಪೇಟೆಯಲ್ಲಿ ಒಣಮೀನು ಬಿಟ್ಟರೆ ಬೇರೆ ಗತಿಯಿಲ್ಲ. "ನೀವ್ ಬಿಟ್ರಿ, ಅವ್ರೂ ಬಿಟ್ರ್, ಬಂಗ್ಡೆಗಂತೂ ಭಾರೀ ಪುಣ್ಯ" ಎಂದ ಗುಡ್ಡ. ಎರಡು ದಿನ ತಡೆದು ಒಣಮೀನಿನ ಚಟ್ನಿ ತಿಂದೆ. ರುಚಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಸಂಜೆಯೂಟ ಮಾತ್ರ ಬೆಳಕಿರುವಾಗಲೇ ಮುಗಿಯುತ್ತಿದೆ. ಹೊಟ್ಟೆಗೆ ಅಭ್ಯಾಸವಾಗಿದೆ, ಧರ್ಮದ ಲೆಕ್ಕಕ್ಕೆ ಹಿಡಿಯಬೇಡಿ.

ಕಿಟ್ಟ ನಿಮ್ಮ ನೀರಿನ ಪೆಟ್ಟಿಗೆ ಇಡುತ್ತಿದ್ದ ಇಂಜಿನ್ ಪಕ್ಕದ ಜಾಗವನ್ನು ಇನ್ನೂ ಯಾರಿಗೂ ಬಿಟ್ಟುಕೊಡುವುದಿಲ್ಲ. ನಿನ್ನೆ ಒಬ್ಬರು ಚೀಲ ಇಡಲು ಹೋದರೆ, "ಅಲ್ ಬ್ಯಾಡ, ಅದ್ ಬಾರ್ಕೂರ್ ಅಮ್ಮಂದ್" ಎಂದ. ಈಗ ಡಿಕ್ಕಿಯಲ್ಲಿ ಒಂದು ದೊಡ್ಡ ಕ್ಯಾನು ನೀರು ಬೇರೆ, ರೇಡಿಯೇಟರಿಗೆಂದೇ.

ಮಳೆ ಸ್ವಲ್ಪ ಬಿಟ್ಟ ಮೇಲೆ ಆ ಜಾಗದಲ್ಲಿ ಕೂತು ಒಂದು ದಿನ ನಮ್ಮ ಮನೆಗೆ ಬನ್ನಿ. ಇಲ್ಲಿ ನೀವು ಉಣ್ಣುವುದಿಲ್ಲ, ಗೊತ್ತು. ನೀರು ಕುಡಿಯುತ್ತೀರಿ, ಅದೂ ಗೊತ್ತು. ಅಷ್ಟು ಸಾಕು.

ಕಾಗದದ ಕೊನೆಗೆ ಹಾಕಲು ಪ್ರಾಸ ಹುಡುಕುತ್ತ ಈಗಷ್ಟೇ ಬಾವಿಕಟ್ಟೆಗೆ ಹೋಗಿದ್ದೆ. ಹೋಟೆಲಿಗೆ ನೀರು ಬೇಕಿತ್ತು. ಮೊದಲೆಲ್ಲ ಕೊಡಪಾನವನ್ನು ಹಗ್ಗದ ಸಮೇತ ಧೊಪ್ಪೆಂದು ಬಿಡುತ್ತಿದ್ದವನು ನಾನು, ಆ ಸದ್ದೇ ಒಂದು ಮಜಾ. ಇವತ್ತೂ ಬಿಡೋಣವೆಂದು ನಿಂತೆ. ನೀರು ತುಂಬ ಮೇಲೆ ಬಂದಿದೆ. ಬಗ್ಗಿದರೆ ನನ್ನ ಮುಖ ಬಿಟ್ಟು ಬೇರೇನೂ ಕಾಣಲಿಲ್ಲ.

ಕೈ ಬರಲಿಲ್ಲ ಅಮ್ಮ. ಮೆಲ್ಲನೆ ಇಳಿಸಿದೆ.

ನಿಮ್ಮ ಅನ್ನದ ಋಣದ
ಸುಧಾಕರ